ಸಹಾಯ ಬೇಕು: ನಲಿ-ಕಲಿ ಮಕ್ಕಳಿಗೆ ತೆಲುಗು, ಹಿಂದಿಯಲ್ಲಿ ಕಥೆ ಹೇಳುವವರು

ನಾನು ಬೆಂಗಳೂರಿನ ಒಂದು ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಯ ಶಿಕ್ಷಕಿ. ಕಟ್ಟಡ ಕೆಲಸಕ್ಕೆ ಬಂದವರ ಮಕ್ಕಳು ವರ್ಷದ ನಡುವೆಯೂ ಸೇರುತ್ತಾರೆ. ವರ್ಗಾವಣೆ ಪತ್ರ ತಡವಾದರೂ ಪ್ರವೇಶ ನಿರಾಕರಿಸಬಾರದೆಂದು 2009ರ ಶಿಕ್ಷಣ ಹಕ್ಕು ಕಾಯ್ದೆಯೇ ಹೇಳುತ್ತದೆ. ನಾವು ಯಾರನ್ನೂ ಹಿಂದಕ್ಕೆ ಕಳುಹಿಸುವುದಿಲ್ಲ. ತೊಡಕಿರುವುದು ಭಾಷೆಯಲ್ಲಿ. ಒಂದರಿಂದ ಮೂರನೆಯ ತರಗತಿಯವರು ಒಟ್ಟಿಗೆ ಕೂರುವ ನಲಿ-ಕಲಿ ಕೋಣೆಯಲ್ಲಿ ಯಾದಗಿರಿಯ ಹುಡುಗ ಕಾರ್ಡು ಹಿಡಿದು ಓದುತ್ತಾನೆ. ಪಕ್ಕದ ತೆಲುಗು ಹುಡುಗಿ ಸುಮ್ಮನೆ ನನ್ನ ಮುಖ ನೋಡುತ್ತಾಳೆ. ಆ ನೋಟ ಮನೆಗೆ ಹೋದರೂ ನನ್ನನ್ನು ಬಿಡುವುದಿಲ್ಲ. ಅಡುಗೆಯವರಿಗೆ ತೆಲುಗು ಬರುವುದರಿಂದ ಬಿಸಿಯೂಟದ ಹೊತ್ತಿನಲ್ಲಷ್ಟೇ ಅವಳು ಬಾಯಿ ಬಿಡುತ್ತಾಳೆ.

ವಾರಕ್ಕೆ ಎರಡು ಮಧ್ಯಾಹ್ನ ಬಂದು ತೆಲುಗು ಅಥವಾ ಹಿಂದಿಯಲ್ಲಿ ಕಥೆ ಹೇಳಿ, ಅದನ್ನೇ ಕನ್ನಡಕ್ಕೆ ದಾಟಿಸಬಲ್ಲವರು ಇದ್ದೀರಾ? ಮುಖ್ಯ ಶಿಕ್ಷಕರು ಒಪ್ಪಿದ್ದಾರೆ. ಹಣ ಬೇಡ. ದ್ವಿಭಾಷಾ ಚಿತ್ರಪುಸ್ತಕಗಳಿದ್ದರೆ, ಹಳೆಯವಾದರೂ ಸರಿ, ಕೊಡಿ. ದಯವಿಟ್ಟು ಇಲ್ಲಿಯೇ ತಿಳಿಸಿ.