ಸಹಾಯ ಬೇಕು: ಸಂಬಳ ಸಿಗದವರ ಮುಂದೆ ತಾಳ್ಮೆಯ ಮಾತು ಆಡುವುದು ಹೇಗೆ?

ಕ್ರಿಸ್ತನಲ್ಲಿ ಎಲ್ಲರಿಗೂ ವಂದನೆಗಳು. ಬರುವ ಶುಕ್ರವಾರ ನಮ್ಮ ಓಣಿಯ ಪ್ರಾರ್ಥನಾ ಕೂಟದಲ್ಲಿ ತಾಳ್ಮೆ, ಸಂತೃಪ್ತಿಯ ಕುರಿತು ನಾನು ಹತ್ತು ನಿಮಿಷ ಮಾತನಾಡಬೇಕಿದೆ. (ಪಕ್ಕದ ಮನೆಯವರ ಹೊಸ ಕಾರು ಕಂಡು ಎರಡು ದಿನ ಊಟ ರುಚಿಸದ ನನಗೇ ಈ ವಿಷಯ!)

ಬರುವವರಲ್ಲಿ ಹೆಚ್ಚಿನವರು ಬೇಸಾಯದ ಮನೆಯವರು. ಹಾಗಾಗಿ ಬೈಬಲಿನ ಯಾಕೋಬನ ಪತ್ರಿಕೆಯ 5ನೆಯ ಅಧ್ಯಾಯದ 7ನೆಯ ವಚನದಲ್ಲಿ ಬರುವ, ಮಳೆಗಾಗಿ ಕಾಯುವ ರೈತನನ್ನು ಆರಿಸಿಕೊಂಡೆ. ಅಲ್ಲಿನ ಮುಂಗಾರು, ಹಿಂಗಾರು ನಮ್ಮವಲ್ಲ. ಇಸ್ರಾಯೇಲಿನಲ್ಲಿ ಮೊದಲ ಮಳೆ ಅಕ್ಟೋಬರ್-ನವೆಂಬರಿನಲ್ಲಿ ಬಿತ್ತನೆಗೆ, ಕಡೆಯದು ಮಾರ್ಚ್-ಏಪ್ರಿಲಿನಲ್ಲಿ ಕಾಳು ತುಂಬುವುದಕ್ಕೆ. ಇದನ್ನು ಬಿಡಿಸಿ ಹೇಳಲೇ, ಬೇಡವೇ?

ನಿಜವಾದ ಕಷ್ಟ ಬೇರೆ. ಕೂಟಕ್ಕೆ ಬರುವ ಅಕ್ಕನೊಬ್ಬರಿಗೆ ಮೂರು ತಿಂಗಳಿಂದ ಸಂಬಳ ಬಂದಿಲ್ಲ. ಅವರ ಎದುರು ‘ತಾಳಿಕೊಳ್ಳಿ’ ಎನ್ನಲು ನನಗೆ ನಾಲಿಗೆ ಏಳುವುದಿಲ್ಲ. ಅದೇ ಅಧ್ಯಾಯದ 4ನೆಯ ವಚನದಲ್ಲಿ, ಹೊಲ ಕೊಯ್ದವರ ಕೂಲಿಯನ್ನು ಹಿಡಿದಿಟ್ಟ ಐಶ್ವರ್ಯವಂತರನ್ನು ಯಾಕೋಬನು ಗದರಿಸುತ್ತಾನೆ. ತಾಳ್ಮೆಯ ಮಾತು ಬರುವುದು ಅದಾದ ಮೇಲೆ. ನಾವು ಮಾತ್ರ ನೇರವಾಗಿ 7ಕ್ಕೆ ಹಾರಿಬಿಡುತ್ತೇವೆ. ಪೌಲನೂ ಸೆರೆಯಲ್ಲಿದ್ದುಕೊಂಡೇ ಸಂತೃಪ್ತಿಯನ್ನು ಕಲಿತುಕೊಂಡೆನೆಂದು ಬರೆದನು (ಫಿಲಿಪ್ಪಿ 4:11), ನಿಜ. ಆದರೆ ಅದು ತನ್ನ ಕೊರತೆಯ ಬಗ್ಗೆ ತಾನೇ ಆಡಿದ ಮಾತು, ಇನ್ನೊಬ್ಬರ ಬಾಕಿಯ ಬಗ್ಗೆ ಅಲ್ಲ.

ಸಭಾಪಾಲಕರೇ, ಹಿರಿಯರೇ, ಇಂಥ ಸಂದರ್ಭದಲ್ಲಿ ನೀವು ಏನು ಹೇಳಿದಿರಿ? ಬಾಕಿ ಕೇಳುವುದೂ ತಾಳ್ಮೆಯೂ ಜೊತೆಗೆ ಹೋಗಬಲ್ಲವೆಂದು ತೋರಿಸುವ ಬೇರೆ ವಚನಗಳಿದ್ದರೆ ದಯವಿಟ್ಟು ಬುಧವಾರದೊಳಗೆ ತಿಳಿಸಿ. ಕಾರ್ಮಿಕ ಇಲಾಖೆಗೆ ದೂರು ಕೊಟ್ಟು ಅನುಭವವಿರುವವರೂ ಬರೆಯಿರಿ, ಆ ಅಕ್ಕನಿಗೆ ಬೇಕಾಗಿದೆ.