ಸಹಾಯ ಬೇಕು: ಕ್ಯೂ ಇದ್ದು ಯು ಇಲ್ಲದ ಐದಕ್ಷರದ ಇಂಗ್ಲಿಷ್ ಪದಗಳು

ನಮಸ್ಕಾರ, ನಾವು ಡೊಂಬಿವಲಿಯವರು. ಭಾನುವಾರ ನಮ್ಮ ಸೊಸೈಟಿಯಲ್ಲಿ ಮಕ್ಕಳ ಸ್ಕ್ರ್ಯಾಬಲ್ (ಅಕ್ಷರದ ಬಿಲ್ಲೆಗಳನ್ನು ಜೋಡಿಸಿ ಪದ ಮಾಡುವ ಆಟ) ಪಂದ್ಯ ಇದೆ, ಏಳನೇ ಕ್ಲಾಸಿನ ಮಗಳು ತುಂಬಾ ಆಸೆಯಿಂದ ತಯಾರಾಗುತ್ತಿದ್ದಾಳೆ. ನಿನ್ನೆ ರಾತ್ರಿ ಆಡುವಾಗ ಅವಳಿಗೆ ಕ್ಯೂ ಬಂತು, ಯು ಬರಲೇ ಇಲ್ಲ, 10 ಪಾಯಿಂಟಿನ ಆ ಬಿಲ್ಲೆಯನ್ನು ಕೊನೆವರೆಗೂ ಮುಷ್ಟಿಯಲ್ಲಿ ಹಿಡಿದುಕೊಂಡೇ ಕೂತು ಸೋತಳು, ಕಣ್ಣಲ್ಲಿ ನೀರು. ನೋಡೋಕೆ ಆಗಲಿಲ್ಲ.

ಎರಡಕ್ಷರದ ಕ್ಯೂ-ಐ ಗೊತ್ತಿದೆ. ಐದಕ್ಷರದ್ದು ಬೇಕು. ಅರಬ್ಬಿಯಿಂದ ಇಂಗ್ಲಿಷಿಗೆ ಹೋದ ಪದಗಳೇ ಇಂಥವುಗಳಲ್ಲಿ ಜಾಸ್ತಿ ಅಲ್ವಾ, ಹಾಗೆ ಯೋಚಿಸಿ ನಮಗೆ ಸಿಕ್ಕಿದ್ದು ತಲಾಕ್, ನಿಕಾಬ್, ಮತ್ತೆ ಎಫ್-ಎ-ಕ್ಯೂ-ಐ-ಆರ್ ಅಂತ ಬರೆಯುವ ಫಕೀರ್, ಮೂರೇ. ಇನ್ನೂ ಗೊತ್ತಿದ್ದರೆ ದಯವಿಟ್ಟು ಸ್ಪೆಲಿಂಗ್, ಅರ್ಥ ಎರಡೂ ಬರೆಯಿರಿ, ಸುಮ್ನೆ ಪದ ಕೊಟ್ಟರೆ ಅವಳಿಗೆ ನೆನಪಿರುವುದಿಲ್ಲ. ಶನಿವಾರ ಸಂಜೆಯೊಳಗೆ ಸಿಕ್ಕರೆ ಒಳ್ಳೆಯದು.