ಮರದ ಕೈಬಲೆ ರಿಂಗ್ ಬಾಯಿ ಬಿಡ್ತಿದೆ, ಪದರಾನೂ ಬಿಚ್ಕೊಂಡಿದೆ, ಎಲ್ಲಿ ಎಡವಿದೆ?

ಕೆರೆದಂಡೆ
ನಮಸ್ಕಾರ ಎಲ್ರಿಗೂ. ಮೂಡಿಗೆರೆ ಕಡೆಯವ್ನು, ತೋಟದ ಕೆರೇಲಿ ಕಾಟ್ಲಾ ರೋಹು ಹಿಡಿದು ವಾಪಸ್ ಬಿಡೋದು ಭಾನುವಾರದ ಹುಚ್ಚು. ಅಲ್ಯೂಮಿನಿಯಂ ಬಲೆ ಬೇಜಾರಾಗಿ, ಟ್ರೌಟ್ ಹಿಡಿಯೋರು ಬೆನ್ನಿಗೆ ನೇತಾಕ್ಕೊಂಡಿರ್ತಾರಲ್ಲ ಟೆನ್ನಿಸ್ ರಾಕೆಟ್ ಥರದ್ದು, ಅದನ್ನ ನಾನೇ ಮಾಡೋಣ ಅಂತ ಹೊರಟೆ. ಮನೆ ಕಟ್ಟುವಾಗ ಉಳಿದಿದ್ದ ಸಾಗವಾನಿ ರೀಪರ್‌ನ ಮಿಲ್ಲಲ್ಲಿ 4 ಎಂಎಂ ಪಟ್ಟಿ ಸೀಳಿಸಿ, ಬಿಸಿನೀರಲ್ಲಿ ನೆನೆಸಿ, ಪ್ಲೈವುಡ್ ಅಚ್ಚಿನ ಸುತ್ತ ಬಗ್ಗಿಸಿ, ಮಾರನೇ ದಿನ ಮೂರು ಪದರಕ್ಕೆ ಬಿಳಿ ಗೋಂದು ಹಚ್ಚಿ ಕ್ಲ್ಯಾಂಪ್ ಹಾಕಿದೆ. ಅಚ್ಚಿಂದ ಬಿಚ್ಚಿದ ತಕ್ಷಣ ಹಿಡಿ ಹತ್ರ ಕೂಡ್ಬೇಕಾದ ಎರಡು ಕಾಲು ಅರ್ಧ ಗೇಣು ದೂರ ಹೋದ್ವು. ಬಲವಂತವಾಗಿ ಎಳೆದು ಹಿಡಿಗೆ ಸ್ಕ್ರೂ ಹೊಡೆದು ಫ್ರೆಂಚ್ ಪಾಲಿಶ್ ಹಾಕ್ದೆ, ನೋಡೋಕೆ ಜಬರ್ದಸ್ತ್ ಆಗಿತ್ತು ಬಿಡಿ. ಎರಡೇ ಸಲ ಕೆರೆಗೆ ಇಳಿಸಿದ್ದು, ಹಿಡಿ ಪಕ್ಕ ಪದರ ಬಾಯಿ ಬಿಟ್ಟಿದೆ, ಎಟಿಎಂ ಕಾರ್ಡ್ ತೂರಿಸ್ಬಹುದು. ಪಾಲಿಶೂ ಬೆಳ್ಳಗೆ ಆಗಿದೆ. ಮರವೇ ಸರಿ ಇಲ್ವಾ?

ಬಿದಿರುಮೆಳೆ
ಸಾಗವಾನಿ ಬಾಗಿಲಿಗೆ ಸರಿ ಗುರು, ರಿಂಗಿಗಲ್ಲ. ಬಿದಿರು ಸೀಳು ಹಾಕು. ನಮ್ಮಜ್ಜ ಮಳೆಗಾಲದಲ್ಲಿ ಹತ್ತಿ ಬರೋ ಮೀನಿಗೆ ಕೂಣಿ (ಬಿದಿರಿನ ಮೀನುಬುಟ್ಟಿ) ಹೆಣೀತಿದ್ರು, ಒಂದ್ ಹನಿ ಗೋಂದಿಲ್ಲ, ಮಳೆಗಾಲ ಪೂರ್ತಿ ನೀರಲ್ಲೇ ಬಿದ್ದಿರ್ತಿತ್ತು. ಅಂಟಿಸೋದಾದ್ರೆ ಮಾತ್ರ ಹೊರಗಿನ ಹಸಿರು ಸಿಪ್ಪೆ ಪೂರ್ತಿ ಹೆರೆದು ತೆಗಿ, ಅದರ ಮೇಲೆ ಯಾವ ಅಂಟೂ ಕೂರಲ್ಲ.

ಗರಗಸ_ಗುಂಡ
ಮರದ ಮೇಲೆ ಯಾಕಪ್ಪ ಗೂಬೆ ಕೂರಿಸ್ತೀರ. 4 ಎಂಎಂ ಸಾಗವಾನಿ ಅಷ್ಟು ಬಗ್ಗಿದೆ, ಮುರಿದಿಲ್ಲ, ಅದರ ಕೆಲಸ ಅದು ಮಾಡಿದೆ. ನನಗೆ ಡೌಟ್ ಇರೋದು ಬೇರೆ ಕಡೆ. ನೆನೆಸಿದ ಪಟ್ಟಿ ಮಾರನೇ ದಿನಕ್ಕೇ ಒಣಗಿತ್ತಾ? ಮಲೆನಾಡಲ್ಲಿ? ಗೋಂದು ಹಚ್ಚೋ ಮುಂಚೆ ಮರಕ್ಕೆ ಏನಾದ್ರೂ ಒರೆಸಿದ್ರಾ? ಸಾಗವಾನೀಲಿ ಎಣ್ಣೆ ಅಂಶ ಇರುತ್ತೆ, ಹೊಸದಾಗಿ ಮರಳು ಕಾಗದ ತಿಕ್ಕಿ, ಬಟ್ಟೆಗೆ ಅಸಿಟೋನ್ ಹಾಕಿ ಒರೆಸಿ, ಅದು ಆರಿದ ತಕ್ಷಣ ಅಂಟು ಹಚ್ಬೇಕು, ನಾಳೆ ನೋಡ್ಕೊಳೋಣ ಅಂತ ಬಿಟ್ರೆ ಎಣ್ಣೆ ಮತ್ತೆ ಮೇಲೆ ಬರುತ್ತೆ. ಕಾಲು ಕತ್ತರಿಸಿದ ತುಂಡು ಇದ್ರೆ ಕುದಿಯೋ ನೀರಲ್ಲಿ ಹತ್ತು ನಿಮಿಷ ಹಾಕಿ ನೋಡಿ ಹೇಳಿ. ಪಾಲಿಶ್ ಬೆಳ್ಳಗಾಗಿದ್ದು ಸಹಜ, ಅದು ಅರಗು, ನೀರು ಕಂಡ್ರೆ ಆಗಲ್ಲ.

ಕೆರೆದಂಡೆ
ಹಾಕ್ದೆ. ಗೋಂದು ಹಾಲಿನ ಥರ ಬೆಳ್ಳಗೆ ಆಗಿ, ರಬ್ಬರ್ ಥರ ಎದ್ದು ಬಂತು, ಉಗುರಲ್ಲೇ ಸುಲಿದೆ. ಕೆಳಗೆ ಮರ ಏನೂ ಕಿತ್ತಿಲ್ಲ, ನುಣ್ಣಗಿದೆ. ಏನೂ ಒರೆಸಿರ್ಲಿಲ್ಲ ಸಾರ್, ಪಟ್ಟಿ ಮುಟ್ಟಿದ್ರೆ ತಣ್ಣಗೇ ಇತ್ತು.

ಗರಗಸ_ಗುಂಡ
ಸಿಕ್ತಲ್ಲ ಕಳ್ಳ. ಅಂಟು ಸರಿಯಾಗಿ ಹಿಡಿದಿದ್ರೆ ಕಿತ್ತಾಗ ಮರದ ನಾರು ಜೊತೆಗೆ ಬರ್ಬೇಕು. ನಿಮ್ಮದು ಮರಕ್ಕೆ ಹಿಡಿದೇ ಇಲ್ಲ. ಜೊತೆಗೆ ಮಾಮೂಲಿ ಬಿಳಿ ಗೋಂದು ಒಣಗಿದ ಮೇಲೂ ಎಳೆತದಲ್ಲಿ ನಿಧಾನಕ್ಕೆ ಜಾರ್ತಾ ಇರುತ್ತೆ, ಕಾರಲ್ಲಿ ಬಿಸಿಲಿಗೆ ಬಿಟ್ರಂತೂ ಕೇಳ್ಲೇಬೇಡಿ. ನೀವು ಸ್ಕ್ರೂ ಹೊಡೆದು ಕಾಲುಗಳನ್ನ ಬಲವಂತವಾಗಿ ಕೂಡಿಸಿದ್ರಲ್ಲ, ಆ ಎಳೆತ ದಿನಾ 24 ಗಂಟೆ ಗೋಂದಿನ ಮೇಲೇ. ಎಪಾಕ್ಸಿಗೆ (ಎರಡು ಭಾಗ ಬೆರೆಸಿ ಹಚ್ಚೋ ಅಂಟು) ಹೋಗಿ, ಬೇಗ ಕೂರೋದು ಬೇಡ, ನಿಧಾನದ್ದು ತಗೊಳ್ಳಿ.

ಪೆನ್ಸಿಲ್ವೇನಿಯಾ_ಪಟೇಲ
ಅಮೆರಿಕದಿಂದ ಒಂದು ಮಾತು ಸೇರಿಸ್ತೀನಿ. ನಾನು ಆ್ಯಶ್ ಮತ್ತೆ ಚೆರ‍್ರಿ ಮರದಲ್ಲಿ ಮಾಡ್ತೀನಿ (ಆ್ಯಶ್ ಇನ್ನೆಷ್ಟು ದಿನ ಸಿಗುತ್ತೋ, 2002ರಲ್ಲಿ ಮಿಷಿಗನ್‌ನಲ್ಲಿ ಪತ್ತೆಯಾದ ಹಸಿರು ಹುಳ ನಮ್ಮ ರಾಜ್ಯದ ಮರಗಳನ್ನೂ ಸಾಲು ಸಾಲು ಒಣಗಿಸಿದೆ). ಕಾಲು ಬಿಟ್ಕೊಂಡಿದ್ದಕ್ಕೆ ಲೆಕ್ಕ ಇದೆ. ಪದರ ಎಷ್ಟೋ ಅದರ ವರ್ಗ ಮಾಡಿ, ಬಾಗಿದ್ದರಲ್ಲಿ ಅಷ್ಟನೇ ಒಂದು ಭಾಗ ವಾಪಸ್ ಬಿಚ್ಕೊಳುತ್ತೆ ಸುಮಾರಾಗಿ. ಮೂರು ಪದರ ಅಂದ್ರೆ ಒಂಬತ್ತನೇ ಒಂದು, ಅಂದ್ರೆ ಶೇಕಡಾ 11. ಅದೇ 12 ಎಂಎಂ ದಪ್ಪವನ್ನ 2 ಎಂಎಂನ ಆರು ಪದರ ಮಾಡಿದ್ರೆ 36ನೇ ಒಂದು, ಶೇಕಡಾ 3ಕ್ಕಿಂತ ಕಮ್ಮಿ. 2 ಎಂಎಂ ಸಾಮಾನ್ಯವಾಗಿ ಒಣದೇ ಬಗ್ಗುತ್ತೆ, ನೆನೆಸೋ ತಾಪತ್ರಯಾನೇ ಇಲ್ಲ. ಮಿಲ್ಲಲ್ಲಿ ಗರಗಸ ತಿನ್ನೋ ಹೊಟ್ಟು ಪಟ್ಟಿಗಿಂತ ಜಾಸ್ತಿ ಆಗುತ್ತೆ ಅದೊಂದು ಸಂಕಟ. ಕ್ಲ್ಯಾಂಪ್ ಸಾಲ್ದಿದ್ರೆ ಹಳೇ ಸೈಕಲ್ ಟ್ಯೂಬ್ ಉದ್ದಕ್ಕೆ ಸೀಳಿ ಎಳೆದು ಸುತ್ತಿ, ಎಪಾಕ್ಸಿಗೆ ಅಷ್ಟು ಒತ್ತಡ ಸಾಕು, ಜಾಸ್ತಿ ಹಿಂಡಿದ್ರೆ ಅಂಟೆಲ್ಲ ಹೊರಗೆ ಬಂದು ಸಂದು ಖಾಲಿ.

ಕೆರೆದಂಡೆ
ಮೂರು ವಾರ ಆದ್ಮೇಲೆ ಬರ್ತಿದೀನಿ ಕ್ಷಮೆ ಇರ್ಲಿ. ಅದೇ ಸಾಗವಾನಿ, 2 ಎಂಎಂ ಆರು ಪಟ್ಟಿ, ಒಂದು ವಾರ ಬಚ್ಚಲೊಲೆ ಮೇಲಿನ ಅಟ್ಟದಲ್ಲಿ ಒಣಗಿಸಿ, ಅಸಿಟೋನ್ ಒರೆಸಿ, ಎಪಾಕ್ಸಿ, ಟ್ಯೂಬ್. ಎರಡು ದಿನ ಬಿಟ್ಟು ಬಿಚ್ಚಿದ್ರೆ ಕಾಲು ಒಂದು ಬೆರಳಗಲ ಬಿಟ್ಕೊಂಡಿದೆ ಅಷ್ಟೇ, ಕೈಯಲ್ಲಿ ಒತ್ತಿದ್ರೆ ಹಿಡಿಗೆ ಕೂತ್ಕೊಳುತ್ತೆ, ಸ್ಕ್ರೂನೇ ಬೇಡ. ಒಂದು ಎಡವಟ್ಟು ಮಾತ್ರ ಆಯ್ತು, ಅಚ್ಚಿಗೆ ಪ್ಯಾಕಿಂಗ್ ಟೇಪ್ ಒಂದು ಕಡೆ ಹಚ್ಚೋದು ಮರೆತು ರಿಂಗೂ ಪ್ಲೈವುಡ್ಡೂ ಒಂದಾಗಿ, ಉಳಿ ಹಾಕಿ ಬಿಡಿಸೋವಾಗ ಮನೆಯವ್ರು ಬಂದು ನೋಡಿ ಸುಮ್ನೆ ಹೋದ್ರು. ಈಗ ಬಲೆ ಕಟ್ಟೋಕೆ ಸುತ್ತಲೂ 3 ಎಂಎಂ ತೂತು ಕೊರೀಬೇಕು, ಆರೂ ಪದರ ದಾಟಿ ಹೋಗುತ್ತೆ, ನೀರು ಒಳಗೆ ಇಳಿಯಲ್ವಾ?

ಗರಗಸ_ಗುಂಡ
ಇಳಿಯುತ್ತೆ. ವಾರ್ನಿಷ್ ಹಚ್ಚೋ ಮುಂಚೆನೇ ಕೊರೀರಿ, ಆಮೇಲೆ ಅಲ್ಲ. ದೋಣಿಗೆ ಹಚ್ಚೋ ವಾರ್ನಿಷ್‌ನ ತೆಳ್ಳಗೆ ಮಾಡಿ, ಇಯರ್ ಬಡ್ ಅದ್ದಿ ಒಂದೊಂದು ತೂತಿಗೂ ಎರಡು ಸಲ ತಿರುಗಿಸಿ. ರಿಂಗ್ ಹೊರಮೈ ಮೇಲೆ ತೂತಿಂದ ತೂತಿಗೆ ಸಣ್ಣ ತೋಡು ತೆಗೆದ್ರೆ ದಾರ ಅದರೊಳಗೆ ಕೂತ್ಕೊಂಡು ಕಲ್ಲಿಗೆ ಉಜ್ಜಲ್ಲ. ಮತ್ತೆ ಆ ಹಳೇ ಗಂಟು ಗಂಟಿನ ನೈಲಾನ್ ಬಲೆ ಹಾಕ್ಬೇಡಿ ಮಾರಾಯ್ರೇ, ಮೀನಿನ ಲೋಳೆ ಎಲ್ಲ ಕಿತ್ತು ಬರುತ್ತೆ, ಬಿಡೋ ಮೀನಿಗೆ ಗಂಟಿಲ್ಲದ್ದು ಇಲ್ಲಾ ರಬ್ಬರಿಂದು.

ಕೆರೆದಂಡೆ
ಇಯರ್ ಬಡ್ ಡಬ್ಬಿ ಮನೆಯವ್ರದ್ದು. ನಾಳೆ ಹೊಸದು ತಂದು ಶುರು ಮಾಡ್ತೀನಿ.